ಮಂಚಿಕೇರಿಯ ಸಂಜೆಗಳು

ಯಲ್ಲಾಪುರ ತಾಲೂಕಿನ ಮಂಚಿಕೇರಿ. ಅಡಿಕೆ ತೋಟ, ಕಾಡು, ನಡುವೆ ಸಣ್ಣದೊಂದು ಪೇಟೆ. ಆದ್ರೆ ನಾಟಕದವರ ಹತ್ರ ಈ ಹೆಸರು ಹೇಳಿ ನೋಡಿ, ಕೂಡಲೇ ಗುರುತು ಹಿಡೀತಾರೆ!

ಮಳೆಗಾಲಕ್ಕೆ ಜಗುಲಿ ಮೇಲೆ ತಾಳಮದ್ದಳೆ, ಮಳೆ ನಿಂತ ಮೇಲೆ ಬಯಲಲ್ಲಿ ಬೆಳಗಿನವರೆಗೆ ಯಕ್ಷಗಾನದ ಆಟ. ಇದು ಈ ಸೀಮೆಯ ಹಳೇ ರೂಢಿ.

ಕಾಡಂಚಿನ ಸಿದ್ದಿ ಕೇರಿಗಳಲ್ಲಿ ಸದ್ದೇ ಬೇರೆ. ಅದು ಡಮಾಮಿ, ಚರ್ಮ ಬಿಗಿದ ವಾದ್ಯ. ಒಬ್ಬರು ಬಾರಿಸೋಕೆ ಕೂತ್ರೆ ಸಾಕು, ಸುತ್ತ ಹಾಡು ಏಳುತ್ತೆ, ಕುಣಿತ ಶುರುವಾಗುತ್ತೆ. ಸಿದ್ದಿಗಳ ಪೂರ್ವಜರು ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರು, ಬಹಳಷ್ಟು ಜನ ಗುಲಾಮರಾಗಿ.

1980ರ ದಶಕದಲ್ಲಿ ನಿರ್ದೇಶಕ ಚಿದಂಬರರಾವ್ ಜಂಬೆ ಇದೇ ಜನರನ್ನ ರಂಗಕ್ಕೆ ಕರೆದ್ರು. ಆರಿಸಿಕೊಂಡ ಕಥೆ ಯಾವುದು ಗೊತ್ತಾ? ನೈಜೀರಿಯಾದ ಚಿನುವಾ ಅಚಿಬೆ 1958ರಲ್ಲಿ ಪ್ರಕಟಿಸಿದ ‘ಥಿಂಗ್ಸ್ ಫಾಲ್ ಅಪಾರ್ಟ್’. ಬಿಳಿಯರು ಬಂದ ಮೇಲೆ ಒಡೆದು ಹೋಗೋ ಆಫ್ರಿಕಾದ ಹಳ್ಳಿಯ ಕಥೆ. ಅದನ್ನ ಕನ್ನಡದಲ್ಲಿ ಆಡಿದವರು ನಮ್ಮ ಸಿದ್ದಿಗಳು. ಕರ್ನಾಟಕದ ರಂಗಭೂಮಿ ಕಂಡ ದೊಡ್ಡ ಗಳಿಗೆಗಳಲ್ಲಿ ಇದೂ ಒಂದು ಅಂತ ನಾನು ನಂಬ್ತೀನಿ.

ಆಮೇಲೆ ಸಿದ್ದಿ ಯುವಕ ಯುವತಿಯರು ಹೆಗ್ಗೋಡಿನ ನೀನಾಸಂಗೆ ಹೋಗಿ ರಂಗಶಿಕ್ಷಣ ಪಡೆದ್ರು. ನಟಿ, ಗಾಯಕಿ ಗಿರಿಜಾ ಸಿದ್ದಿ ಅಲ್ಲೇ ಕಲಿತವರು.