ಆನೆ ಲಾಯದಿಂದ ಹಾಲಿವುಡ್‌ಗೆ: ಮೈಸೂರಿನ ಸಾಬು

ಭಾರತೀಯನೆಂದೇ ಗುರುತಿಸಿಕೊಂಡು ಹಾಲಿವುಡ್‌ನಲ್ಲಿ ತಾರೆಯಾದ ಮೊದಲಿಗ ಯಾರು? ಉತ್ತರ ಹುಡುಕಲು ಮುಂಬಯಿಗೋ ಮದರಾಸಿಗೋ ಹೋಗಬೇಕಾಗಿಲ್ಲ. ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾರಾಪುರಕ್ಕೆ ಹೋದರೆ ಸಾಕು. 1924ರಲ್ಲಿ ಅಲ್ಲಿ ಮಾವುತನೊಬ್ಬನ ಮಗನಾಗಿ ಹುಟ್ಟಿದ ಸಾಬು, ಹದಿನೈದು ವರ್ಷ ತುಂಬುವ ಮೊದಲೇ ಯುರೋಪು, ಅಮೆರಿಕಗಳಲ್ಲಿ ಮನೆಮಾತಾಗಿದ್ದ.

ತಾಯಿಯನ್ನು ಎಳವೆಯಲ್ಲೇ ಕಳೆದುಕೊಂಡ ಹುಡುಗನಿಗೆ ತಂದೆಯೂ ತೀರಿಕೊಂಡ ಮೇಲೆ ಮೈಸೂರು ಅರಮನೆಯ ಆನೆ ಲಾಯವೇ ಆಸರೆಯಾಯಿತು. ಆನೆಗೆ ಮೇವು ಹಾಕುವುದು, ಮೈ ತೊಳೆಯುವುದು, ಸೊಂಡಿಲಿನ ಮೇಲೆ ಕಾಲಿಟ್ಟು ಕತ್ತಿನ ಮೇಲೇರಿ ಕೂರುವುದು ಅವನಿಗೆ ನಡೆದಾಡುವಷ್ಟೇ ಸಹಜವಾಗಿತ್ತು. ಹಾಲಿವುಡ್ ಮುಂದೆ ಅವನಿಂದ ಬಯಸಿದ್ದು ಇದನ್ನೇ. ಅವನ ಭಾಗ್ಯವೂ ಅದೇ, ಕಟ್ಟುಪಾಡೂ ಅದೇ ಆಯಿತು.

1935ರಲ್ಲಿ ಸಾಕ್ಷ್ಯಚಿತ್ರಗಳ ಪಿತಾಮಹನೆನಿಸಿದ ರಾಬರ್ಟ್ ಫ್ಲಾಹರ್ಟಿ ಮೈಸೂರಿಗೆ ಬಂದರು. ರಡ್ಯಾರ್ಡ್ ಕಿಪ್ಲಿಂಗರ ಕಥೆಯೊಂದನ್ನು ಲಂಡನ್ನಿನ ನಿರ್ಮಾಪಕ ಅಲೆಕ್ಸಾಂಡರ್ ಕೊರ್ಡಾ ಅವರಿಗಾಗಿ ಚಿತ್ರವಾಗಿಸುವುದು ಉದ್ದೇಶ. ಟೂಮಾಯಿ ಎಂಬ ಮಾವುತರ ಹುಡುಗನ ಪಾತ್ರಕ್ಕೆ ಹುಡುಕಾಟ ನಡೆದಾಗ, ಛಾಯಾಗ್ರಾಹಕ ಓಸ್ಮಂಡ್ ಬೊರಡೇಲ್ ಅವರ ಕಣ್ಣಿಗೆ ಬಿದ್ದವನು ಲಾಯದ ಈ ಹುಡುಗ. ಅವನ ಜೊತೆಗೆ ಕಾಲಾನಾಗ್ ಎಂಬ ಆನೆಯ ಪಾತ್ರಕ್ಕೆ ಅರಮನೆಯ ಐರಾವತ ಸಿಕ್ಕಿತು. ಉಳಿದ ಭಾಗಕ್ಕಾಗಿ ಸಾಬುವನ್ನು ಅಣ್ಣ ದಸ್ತಗೀರನ ಜೊತೆ ಇಂಗ್ಲೆಂಡಿನ ಡೆನ್‌ಹ್ಯಾಮ್ ಸ್ಟುಡಿಯೋಗೆ ಕರೆದೊಯ್ದರು. ಅಲ್ಲಿನ ದೃಶ್ಯಗಳನ್ನು ಕೊರ್ಡಾರ ಸೋದರ ಜೋಲ್ಟನ್ ನಿರ್ದೇಶಿಸಿದರು. ಸಾಬುವಿನ ಹೆಸರಿನ ಮುಂದೆ ‘ದಸ್ತಗೀರ್’ ಸೇರಿಕೊಂಡದ್ದು ಅಣ್ಣನ ಹೆಸರಿನಿಂದ ಎಂದು ಮುಂದೆ ಸಂಶೋಧಕರು ಹೇಳಿದ್ದುಂಟು.

1937ರಲ್ಲಿ ತೆರೆಕಂಡ ‘ಎಲಿಫೆಂಟ್ ಬಾಯ್’ ವೆನಿಸ್ ಚಿತ್ರೋತ್ಸವದಲ್ಲಿ ನಿರ್ದೇಶನದ ಪ್ರಶಸ್ತಿ ಪಡೆಯಿತು. ಆದರೆ ಜನ ಮೆಚ್ಚಿದ್ದು ಹುಡುಗನನ್ನು. ಸ್ಟುಡಿಯೋದ ಭಾಗಗಳಲ್ಲಿ ಕೃತಕತೆ ಇಣುಕಿದರೂ, ಆನೆಯ ಮೇಲೆ ಕುಳಿತ ಸಾಬು ನಟಿಸುತ್ತಿದ್ದಾನೆಂದು ಯಾರಿಗೂ ಅನಿಸಲಿಲ್ಲ. ಮರುವರ್ಷದ ‘ದಿ ಡ್ರಮ್’ ಚಿತ್ರದಲ್ಲಿ ಅವನು ವಾಯವ್ಯ ಗಡಿನಾಡಿನ ರಾಜಕುಮಾರ, ಬ್ರಿಟಿಷರ ಮಿತ್ರ. ಸಾಮ್ರಾಜ್ಯಶಾಹಿಯನ್ನು ಹೊಗಳುವ ಈ ಚಿತ್ರಕ್ಕೆ ಮುಂಬಯಿಯಲ್ಲಿ ತೀವ್ರ ಪ್ರತಿಭಟನೆ ನಡೆಯಿತು. ಲಂಡನ್ನಿನಲ್ಲಿ ಚಪ್ಪಾಳೆ ಗಿಟ್ಟಿಸಿದ ಚಿತ್ರವೇ ತನ್ನ ನಾಡಿನಲ್ಲಿ ಅಪಮಾನವೆನಿಸಿದ ಸಂದಿಗ್ಧ ಹದಿನಾಲ್ಕರ ಹುಡುಗನ ಪಾಲಿಗೆ ಬಂತು.

‘ದಿ ಥೀಫ್ ಆಫ್ ಬಾಗ್ದಾದ್’ (1940) ಅವನನ್ನು ಕೀರ್ತಿಯ ತುದಿಗೇರಿಸಿತು. ಯುದ್ಧದ ಕಾರಣ ಇಂಗ್ಲೆಂಡಿನಲ್ಲಿ ಆರಂಭವಾದ ಚಿತ್ರೀಕರಣ ಅಮೆರಿಕದಲ್ಲಿ ಮುಗಿಯಿತು. ಸಾಬು ಅಲ್ಲಿಯೇ ಉಳಿದ. ವರ್ಣವೈಭವದ ಈ ಚಿತ್ರ ಮೂರು ಆಸ್ಕರ್ ಗಳಿಸಿತು. 1942ರ ‘ಜಂಗಲ್ ಬುಕ್’ನಲ್ಲಿ ಅವನೇ ಮೌಗ್ಲಿ.

ಇಲ್ಲಿಯೇ ಒಂದು ವಿಚಿತ್ರವನ್ನು ಗಮನಿಸಬೇಕು. ‘ಬಾಗ್ದಾದ್’ನಲ್ಲಿ ಸಾಹಸವೆಲ್ಲ ಸಾಬುವಿನದು, ರಾಜಕುಮಾರಿ ಮಾತ್ರ ಜಾನ್ ಜಸ್ಟಿನ್‌ಗೆ. ‘ಅರೇಬಿಯನ್ ನೈಟ್ಸ್’ ಮೊದಲಾದ ಯೂನಿವರ್ಸಲ್ ಸಂಸ್ಥೆಯ ಚಿತ್ರಗಳಲ್ಲಿ ನಾಯಕ ಜಾನ್ ಹಾಲ್, ನಾಯಕಿ ಮರಿಯಾ ಮಾಂಟೆಜ್; ಸಾಬು ಚುರುಕಿನ ಸಂಗಾತಿ. ಬಿಳಿಯ ನಾಯಕಿಗೆ ಕಂದು ಬಣ್ಣದ ನಾಯಕ ಜೋಡಿಯಾಗುವುದನ್ನು ಅಂದಿನ ಹಾಲಿವುಡ್ ಸುಲಭವಾಗಿ ಒಪ್ಪುತ್ತಿರಲಿಲ್ಲ. ‘ದಿ ರೇನ್ಸ್ ಕೇಮ್’ (1939) ಚಿತ್ರದ ಭಾರತೀಯ ವೈದ್ಯನ ಪಾತ್ರವನ್ನು ಮಾಡಿದವನು ಟೈರನ್ ಪವರ್. ದೊಡ್ಡ ಪಾತ್ರ ಭಾರತೀಯನದೇ ಆದರೂ ಅದಕ್ಕೆ ಬಣ್ಣ ಬಳಿದುಕೊಂಡ ಬಿಳಿಯ ನಟನೇ ಬೇಕು. ನಿಜವಾದ ಭಾರತೀಯನಿಗೆ ರುಮಾಲು, ಕೌಪೀನ, ಆನೆ, ಹುಲಿ.

ಪರದೆಯ ಹೊರಗೆ ಸಾಬು ಬೆಳೆದು ಗಂಡಸಾಗಿದ್ದರು. 1944ರಲ್ಲಿ ಅಮೆರಿಕದ ಪೌರತ್ವ ಪಡೆದರು. ಭಾರತೀಯರಿಗೆಲ್ಲ ಆ ಬಾಗಿಲು ತೆರೆದ ಕಾನೂನು ಬಂದದ್ದು 1946ರಲ್ಲಿ. ವಾಯುಸೇನೆ ಸೇರಿ, ಬಿ-24 ಬಾಂಬರ್ ವಿಮಾನದಲ್ಲಿ ಬಂದೂಕುಗಾರರಾಗಿ ಪೆಸಿಫಿಕ್ ರಣರಂಗದಲ್ಲಿ ಹೋರಾಡಿ ‘ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್’ ಪದಕಕ್ಕೆ ಪಾತ್ರರಾದರು. ಮರಳಿ ಬಂದಾಗ ಅವರಿಗೆ ಕಾದಿದ್ದುದು ಮತ್ತೆ ಅದೇ ರುಮಾಲು. ‘ಬ್ಲ್ಯಾಕ್ ನಾರ್ಸಿಸಸ್’ (1947) ಮಾತ್ರ ಬೇರೆ ತೂಕದ ಚಿತ್ರ. ಅದರಲ್ಲಿ ಹಿಮಾಲಯದ ತಪ್ಪಲಿನ ಯುವ ರಾಜಕುಮಾರನಾಗಿ ಸಾಬು ನಟಿಸಿದರು. ಅವರು ಪ್ರೀತಿಸುವ ಹಳ್ಳಿ ಹುಡುಗಿಯಾಗಿ ಕಂದು ಬಣ್ಣ ಬಳಿದುಕೊಂಡವರು ಜೀನ್ ಸಿಮನ್ಸ್. ಹಿಮಾಲಯವನ್ನೂ ಸ್ಟುಡಿಯೋದಲ್ಲೇ ಕಟ್ಟಲಾಗಿತ್ತು.

ಕಾಲವೂ ಬದಲಾಗಿತ್ತು. ಭಾರತ ಸ್ವತಂತ್ರವಾಯಿತು, ಮಾಯಾಕಂಬಳಿ, ಮಹಾರಾಜರ ಕಥೆಗಳಿಗೆ ಬೇಡಿಕೆ ಇಳಿಯಿತು. ಸಾಬು ಯುರೋಪಿನ ಸಣ್ಣ ಚಿತ್ರಗಳಲ್ಲಿ ನಟಿಸಿದರು, ಲಂಡನ್ನಿನ ಸರ್ಕಸ್ಸಿನಲ್ಲಿ ಆನೆಗಳೊಡನೆ ಪ್ರದರ್ಶನ ಕೊಟ್ಟರು. ಆ ನಡುವೆ ತಾಯ್ನಾಡಿನಿಂದ ಒಂದು ಕರೆ ಬಂತು. ಮೆಹಬೂಬ್ ಖಾನ್ ತಮ್ಮ ‘ಮದರ್ ಇಂಡಿಯಾ’ದ ಬಿರ್ಜು ಪಾತ್ರಕ್ಕೆ ಅವರನ್ನು ಬಯಸಿದ್ದರು. ಆದರೆ ಅಮೆರಿಕದ ಪ್ರಜೆಯಾಗಿದ್ದ ಸಾಬುಗೆ ಇಲ್ಲಿ ಕೆಲಸ ಮಾಡುವ ಪರವಾನಗಿ ದೊರೆಯಲಿಲ್ಲ. ಪಾತ್ರ ಸುನಿಲ್ ದತ್‌ಗೆ ಹೋಯಿತು. 1957ರಲ್ಲಿ ತೆರೆಕಂಡ ಆ ಚಿತ್ರ ದತ್‌ರನ್ನು ತಾರೆಯಾಗಿಸಿತು. ತಾಯಿಯ ಎದುರು ನಿಲ್ಲುವ ಸಿಟ್ಟಿನ ಮಗನಾಗಿ, ಆನೆಯ ಆಸರೆಯಿಲ್ಲದೆ ಸಾಬು ಏನಾಗುತ್ತಿದ್ದರೋ ನೋಡುವ ಅವಕಾಶ ಹೀಗೆ ತಪ್ಪಿತು. ಒಂದೇ ಒಂದು ಭಾರತೀಯ ಚಿತ್ರದಲ್ಲೂ ನಟಿಸದೆ ಅವರ ಬಾಳು ಮುಗಿಯಿತು.

1963ರ ಡಿಸೆಂಬರ್ 2ರಂದು ಕ್ಯಾಲಿಫೋರ್ನಿಯಾದಲ್ಲಿ ಹೃದಯಾಘಾತದಿಂದ ಸಾಬು ತೀರಿಕೊಂಡಾಗ ವಯಸ್ಸು ಬರೀ 39. ಮರುವರ್ಷ ತೆರೆಕಂಡ ಡಿಸ್ನಿ ಸಂಸ್ಥೆಯ ‘ಎ ಟೈಗರ್ ವಾಕ್ಸ್’ ಕೊನೆಯ ಚಿತ್ರ. ಅದರಲ್ಲಿಯೂ ಅವರದು ಪ್ರಾಣಿಗಳನ್ನು ಪಳಗಿಸುವವನ ಪಾತ್ರ.

ಹಾಲಿವುಡ್‌ನ ಪಾದಚಾರಿ ಹಾದಿಯಲ್ಲಿ 1960ರಲ್ಲಿ ಇರಿಸಿದ ಅವರ ಹೆಸರಿನ ನಕ್ಷತ್ರ ಇಂದಿಗೂ ಇದೆ. ಇತ್ತ ಕಬಿನಿ ಅಣೆಕಟ್ಟು ಬಂದ ಮೇಲೆ, ಖೆಡ್ಡಾಗಳಿಗೆ ಹೆಸರಾಗಿದ್ದ ಹಳೆಯ ಕಾಕನಕೋಟೆಯ ಬಯಲು ಹಿನ್ನೀರಿನಲ್ಲಿ ಮುಳುಗಿತು. ಬೇಸಿಗೆಯಲ್ಲಿ ನೀರಿಗಾಗಿ ದಡಕ್ಕೆ ಇಳಿಯುವ ಕಾಡಾನೆಗಳನ್ನು ಕಾಣಲು ದೂರದೂರದ ಪ್ರವಾಸಿಗರು ಕಾರಾಪುರಕ್ಕೆ ಬರುತ್ತಾರೆ. ಮೈಸೂರಿನ ಆನೆಯನ್ನೂ ಕಾಡನ್ನೂ ಬೆಳ್ಳಿತೆರೆಯ ಮೂಲಕ ಜಗತ್ತಿಗೆ ಪರಿಚಯಿಸಿದ ಹುಡುಗ ಆ ನೆಲದವನೇ ಎಂಬುದು ಅವರಲ್ಲಿ ಎಲ್ಲರಿಗೂ ಗೊತ್ತಿರಲಾರದು.