ನಕಲುಯಂತ್ರದ ಓರೆಗೆರೆ

ಕಳೆದ ಮಳೆಗಾಲದಲ್ಲಿ ಒಂದು ದಿನ ವಿದ್ಯಾರ್ಥಿಯೊಬ್ಬನು ನಮ್ಮ ಪ್ರಯೋಗಶಾಲೆಗೆ ಎರಡು ಕಾಗದಗಳನ್ನು ತಂದನು. ಖಾನಾಪುರ ತಾಲ್ಲೂಕಿನ ಹಳ್ಳಿಯಿಂದ ಬೆಳಗಾವಿಯ ಕಾಲೇಜಿಗೆ ಬರುವ ಹುಡುಗನಾತ. ಎರಡೂ ಕಾಗದಗಳು ಅವರ ಮನೆತನದ ಹೊಲದ ನಕ್ಷೆಯ ಜೆರಾಕ್ಸ್ ಪ್ರತಿಗಳು. ಒಂದನ್ನು ಅವನ ತಂದೆ ಬೆಳಗಾವಿಯಲ್ಲಿಯೂ ಇನ್ನೊಂದನ್ನು ಅವನ ಕಾಕಾ ಖಾನಾಪುರದಲ್ಲಿಯೂ ತೆಗೆಸಿದ್ದರು. ಮೂಲವು ಒಂದೇ ಆಗಿದ್ದರೂ, ಹೊಲದ ಮೂಲೆಯಿಂದ ಗಡಿಕಲ್ಲಿನವರೆಗಿನ ಓರೆ ಅಳತೆಯು ಒಂದು ಪ್ರತಿಯಲ್ಲಿ ಮತ್ತೊಂದಕ್ಕಿಂತ ಸುಮಾರು 1 ಮಿಲಿಮೀಟರಿನಷ್ಟು ಹೆಚ್ಚಾಗಿತ್ತು. ಆ ನಕ್ಷೆಯಲ್ಲಿ 1 ಮಿಲಿಮೀಟರ್ ಎಂದರೆ ನೆಲದ ಮೇಲೆ 1 ಮೀಟರ್. ಯಾರೋ ನಕ್ಷೆಯನ್ನು ತಿದ್ದಿರುವರೆಂಬ ಸಂಶಯವು ಅಣ್ಣತಮ್ಮಂದಿರ ನಡುವೆ ತಲೆಹಾಕಿ, ಮಾತುಕತೆಯೇ ನಿಲ್ಲುವ ಹಂತಕ್ಕೆ ಬಂದಿತ್ತು. “ಅಂಗಡ್ಯಾವ್ರು ಮಷೀನಿನ ಲೇಸರ್ ಸರದೈತಿ ಅಂತಾರ್ರಿ ಸರ್, ಖರೇ ಏನ್ರಿ?” ಎಂದು ಹುಡುಗನು ಕೇಳಿದನು.

‘ಲೇಸರ್ ಸರಿದಿದೆ’ ಎಂಬುದು ಹೇಳಲು ಸುಲಭವಾದ ಮಾತು. ಆದರೆ ಅದು ನಿಜವೇ ಎಂಬುದನ್ನು ಅರಿಯಲು ಯಂತ್ರವನ್ನು ಬಿಚ್ಚಬೇಕಾದುದಿಲ್ಲ. ನಕಲುಯಂತ್ರವು ತನ್ನ ದೋಷವನ್ನು ತಾನೇ ಕಾಗದದ ಮೇಲೆ ಬರೆದು ಕೊಡುತ್ತದೆ. ಆ ಬರಹವನ್ನು ಓದಲು ಒಂದು ಅಳತೆಪಟ್ಟಿ, ಸ್ವಲ್ಪ ರೇಖಾಗಣಿತ ಮತ್ತು ಬೆಳಕಿನ ಪ್ರತಿಫಲನದ ನಿಯಮ ಇವಿಷ್ಟೇ ಸಾಕು. ಅದು ಹೇಗೆಂಬುದನ್ನು ನೋಡೋಣ.

ಈ ಯಂತ್ರದ ಮೂಲತತ್ತ್ವವನ್ನು ಮೊದಲು ಸಿದ್ಧಮಾಡಿ ತೋರಿಸಿದವನು ಅಮೆರಿಕದ ಚೆಸ್ಟರ್ ಕಾರ್ಲ್‌ಸನ್. 1938ರ ಅಕ್ಟೋಬರ್ 22ರಂದು ನ್ಯೂಯಾರ್ಕ್ ನಗರದ ಅಸ್ಟೋರಿಯಾ ಎಂಬಲ್ಲಿ ಅವನೂ ಅವನ ಸಹಾಯಕ ಒಟ್ಟೊ ಕೊರ್ನೈ ಎಂಬವನೂ ಗಂಧಕವನ್ನು ಲೇಪಿಸಿದ ಸತುವಿನ ಫಲಕವನ್ನು ಬಟ್ಟೆಯಿಂದ ಉಜ್ಜಿ ಅದಕ್ಕೆ ವಿದ್ಯುದಾವೇಶವನ್ನು ಕೊಟ್ಟರು. ಅಕ್ಷರಗಳನ್ನು ಬರೆದ ಗಾಜನ್ನು ಅದರ ಮೇಲಿಟ್ಟು ಬೆಳಕು ಹಾಯಿಸಿದರು. ಬೆಳಕು ಬಿದ್ದೆಡೆ ಆವೇಶವು ಹರಿದುಹೋಯಿತು. ಅಕ್ಷರಗಳ ನೆರಳಿನಲ್ಲಿ ಮಾತ್ರ ಉಳಿಯಿತು. ನುಣುಪಾದ ಪುಡಿಯನ್ನು ಉದುರಿಸಲು ಅದು ಆವೇಶವುಳಿದಲ್ಲಿ ಅಂಟಿ ಅಕ್ಷರಗಳು ಮೂಡಿದವು. ಶಾಯಿಯಿಲ್ಲದ ಈ ‘ಒಣಬರಹ’ಕ್ಕೆ ಗ್ರೀಕ್ ಭಾಷೆಯ ಪದಗಳಿಂದ ‘ಜೆರೋಗ್ರಫಿ’ ಎಂಬ ಹೆಸರಾಯಿತು. ನಮ್ಮೂರುಗಳಲ್ಲಿ ‘ಜೆರಾಕ್ಸ್’ ಎಂದು ರೂಢಿಗೆ ಬಂದ ಮಾತಿನ ಮೂಲವೂ ಇದೇ.

1959ರಲ್ಲಿ ಹೊರಬಂದ ಜೆರಾಕ್ಸ್ 914 ಎಂಬ ಯಂತ್ರದಲ್ಲಿ ಲೇಸರ್ ಇರಲಿಲ್ಲ. ಇರುವಂತೆಯೂ ಇರಲಿಲ್ಲ, ಏಕೆಂದರೆ ಜಗತ್ತಿನ ಮೊದಲ ಲೇಸರನ್ನು ಥಿಯೊಡೋರ್ ಮೈಮನ್ ಬೆಳಗಿಸಿದ್ದು 1960ರಲ್ಲಿ. ಅಂದಿನ ಯಂತ್ರದಲ್ಲಿ ಮೂಲಕಾಗದದಿಂದ ಚದರಿ ಬಂದ ಬೆಳಕನ್ನೇ ಮಸೂರವು ಉರುಳೆಯ ಮೇಲೆ ಬಿಂಬಿಸುತ್ತಿತ್ತು. ಲೇಸರ್ ಕಿರಣದಿಂದ ಉರುಳೆಯ ಮೇಲೆ ಬರೆಯಬಹುದೆಂಬ ಉಪಾಯವನ್ನು ಗ್ಯಾರಿ ಸ್ಟಾರ್ಕ್‌ವೆದರ್ 1960ರ ದಶಕದ ಕೊನೆಯಲ್ಲಿ ಕೈಗೆತ್ತಿಕೊಂಡನು. 1977ರಲ್ಲಿ ಜೆರಾಕ್ಸ್ 9700 ಎಂಬ ಲೇಸರ್ ಮುದ್ರಕವು ಮಾರುಕಟ್ಟೆಗೆ ಬಂದಿತು. ಇಂದಿನ ನಕಲುಯಂತ್ರವೆಂದರೆ ಒಂದೇ ಪೆಟ್ಟಿಗೆಯಲ್ಲಿ ಕುಳಿತ ಎರಡು ಯಂತ್ರಗಳು. ಮೇಲಿನದು ಓದುವ ಯಂತ್ರ. ಅದು ದೀಪವನ್ನು ಸರಿಸುತ್ತ ಕಾಗದದ ಕಪ್ಪುಬಿಳುಪನ್ನು ಅಂಕಿಗಳನ್ನಾಗಿ ಮಾಡುವುದು. ಕೆಳಗಿನದು ಬರೆಯುವ ಯಂತ್ರ. ಲೇಸರ್ ಇರುವುದು ಇಲ್ಲಿ. ಈ ಭೇದವನ್ನು ಓದುಗರು ನೆನಪಿನಲ್ಲಿಡಬೇಕು. ಮುಂದಿನ ಪರೀಕ್ಷೆಗಳೆಲ್ಲ ಇದರ ಮೇಲೆ ನಿಂತಿವೆ.

ಬರೆಯುವ ಯಂತ್ರದಲ್ಲಿ ಪುಟ್ಟ ಅರೆವಾಹಕ ಲೇಸರಿನಿಂದ ಹೊರಟ ಕಿರಣವು ಹಲವು ಮುಖಗಳುಳ್ಳ ತಿರುಗುವ ಕನ್ನಡಿಯೊಂದರ ಮೇಲೆ ಬೀಳುತ್ತದೆ. ಕನ್ನಡಿ ತಿರುಗಿದಂತೆ ಪ್ರತಿಫಲಿತ ಕಿರಣವು ಉರುಳೆಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಗುಡಿಸಿದಂತೆ ಹಾಯ್ದು ಒಂದು ಗೆರೆಯನ್ನು ಬರೆಯುತ್ತದೆ. ಮುಂದಿನ ಮುಖವು ಮುಂದಿನ ಗೆರೆಯನ್ನು ಬರೆಯುತ್ತದೆ. ಅಷ್ಟರಲ್ಲಿ ಉರುಳೆಯು ಒಂದು ಗೆರೆಯಷ್ಟು ಮುಂದೆ ಸರಿದಿರುತ್ತದೆ. ಒಂದು ಅಂಗುಲಕ್ಕೆ 600 ಗೆರೆಗಳೆಂದರೆ ಗೆರೆಯಿಂದ ಗೆರೆಗೆ ಇರುವ ಅಂತರ ಕೇವಲ 0.042 ಮಿ.ಮೀ. ಉರುಳೆಯ ಮೈ ಸೆಕೆಂಡಿಗೆ 120 ಮಿ.ಮೀ. ಚಲಿಸುತ್ತಿದ್ದರೆ ಸೆಕೆಂಡಿಗೆ ಸುಮಾರು 2,800 ಗೆರೆಗಳು ಬೇಕು. ಕನ್ನಡಿಗೆ ಆರು ಮುಖಗಳಿದ್ದರೆ ಅದು ನಿಮಿಷಕ್ಕೆ ಸುಮಾರು 28,000 ಸುತ್ತು ತಿರುಗಬೇಕಾಗುವುದು! ಪ್ರತಿ ಗೆರೆಯ ಆರಂಭದಲ್ಲಿ ಕಿರಣವು ಒಂದು ಸಣ್ಣ ಬೆಳಕು-ಸಂವೇದಕವನ್ನು ತಾಕಿ ‘ಇಲ್ಲಿಂದ ಬರೆ’ ಎಂಬ ಸೂಚನೆಯನ್ನು ಪಡೆಯುತ್ತದೆ. ಬಳಿಕ ಮಸೂರಗಳನ್ನು ದಾಟಿ, ಮಡಿಚುವ ಕನ್ನಡಿಯಿಂದ ತಿರುಗಿ, ಧೂಳುತಡೆಯ ಗಾಜಿನ ಮೂಲಕ ಉರುಳೆಯನ್ನು ಸೇರುತ್ತದೆ.

ಇಂತಹ ದಾರಿಯಲ್ಲಿ ಅತ್ಯಲ್ಪ ತಪ್ಪೂ ದೊಡ್ಡದಾಗುವುದು. ಕನ್ನಡಿಯು ಒಂದು ಕೋನದಷ್ಟು ತಿರುಗಿದರೆ ಪ್ರತಿಫಲಿತ ಕಿರಣವು ಅದರ ಎರಡರಷ್ಟು ತಿರುಗುತ್ತದೆಂಬುದನ್ನು ಪ್ರೌಢಶಾಲೆಯಲ್ಲಿಯೇ ಓದಿದ್ದೇವೆ. ಕನ್ನಡಿಯಿಂದ ಉರುಳೆಗೆ 200 ಮಿ.ಮೀ. ದೂರವಿರಲಿ, ಕನ್ನಡಿ ಒಂದು ಡಿಗ್ರಿಯ ಅರುವತ್ತನೆಯ ಒಂದು ಭಾಗ ಓರೆಯಾಗಲಿ. ಕಿರಣವು ಉರುಳೆಯ ಮೇಲೆ 0.12 ಮಿ.ಮೀ.ನಷ್ಟು, ಅಂದರೆ ಸುಮಾರು ಮೂರು ಗೆರೆಗಳಷ್ಟು ಸರಿಯುವುದು. ಆದುದರಿಂದಲೇ ಈ ಭಾಗಗಳನ್ನೆಲ್ಲ ಕಾರ್ಖಾನೆಯಲ್ಲಿ ಹೊಂದಿಸಿ ಒಂದೇ ಪೆಟ್ಟಿಗೆಯಲ್ಲಿ ಬಿಗಿದಿರುತ್ತಾರೆ.

ಇನ್ನು ಪರೀಕ್ಷೆಗೆ ಬರೋಣ. ಮೊದಲನೆಯ ಪ್ರಶ್ನೆ: ದೋಷವು ಓದುವುದರಲ್ಲಿದೆಯೋ ಬರೆಯುವುದರಲ್ಲಿದೆಯೋ? ಗಾಜಿನ ಮೇಲೆ ಏನನ್ನೂ ಇಡದೆ, ಗಣಕದಿಂದ ನೇರವಾಗಿ ಒಂದು ಪುಟವನ್ನು ಮುದ್ರಿಸಬೇಕು. ಅದರಲ್ಲಿ ದೋಷವು ಕಾಣದೆ ನಕಲಿನಲ್ಲಿ ಮಾತ್ರ ಕಂಡರೆ ಲೇಸರ್ ನಿರಪರಾಧಿ; ತಪ್ಪು ಮೇಲಿನ ಗಾಜು, ದೀಪದ ಬಂಡಿ, ಇಲ್ಲವೆ ಕಾಗದವನ್ನು ಎಳೆದುಕೊಳ್ಳುವ ಭಾಗದ್ದು. ನಕಲಿನುದ್ದಕ್ಕೂ ಬರುವ ತೆಳುವಾದ ಕಪ್ಪುಗೆರೆಗೆ ಬಹುಮಟ್ಟಿಗೆ ಕಾರಣ, ಓದುವ ಕಿರುಗಾಜಿನ ಮೇಲೆ ಅಂಟಿದ ಒಂದು ಕಣ ಧೂಳು. ಮೆತ್ತನೆಯ ಬಟ್ಟೆಯಿಂದ ಒರಸಿದರೆ ಮುಗಿಯಿತು.

ನೇರ ಮುದ್ರಣದಲ್ಲಿಯೂ ಓರೆ ಕಂಡರೆ ಎರಡನೆಯ ಪ್ರಶ್ನೆ: ಓರೆಯಾದದ್ದು ಕಾಗದವೋ ಕಿರಣವೋ? ಇದಕ್ಕೆ 15 ಸೆಂ.ಮೀ. ಅಗಲ, 20 ಸೆಂ.ಮೀ. ಎತ್ತರದ ಒಂದು ಆಯತವನ್ನು ಮುದ್ರಿಸಬೇಕು. ಅದರ ಕರ್ಣವು ಪೈಥಾಗೊರಸನ ಪ್ರಮೇಯದಂತೆ ಸರಿಯಾಗಿ 25 ಸೆಂ.ಮೀ. ಕಾಗದವು ಸೊಟ್ಟಗೆ ಒಳಹೊಕ್ಕಿದ್ದರೆ ಇಡೀ ಆಯತವೇ ತಿರುಗಿ ನಿಲ್ಲುವುದು. ಅಡ್ಡಗೆರೆಗಳೂ ನೆಟ್ಟಗೆರೆಗಳೂ ಒಂದೇ ಕೋನದಷ್ಟು ಓರೆಯಾಗುವುವು. ಮೂಲೆಗಳು ಲಂಬಕೋನಗಳಾಗಿಯೇ ಉಳಿಯುವುವು. ಎರಡು ಕರ್ಣಗಳೂ ಸಮನಾಗಿರುವುವು. ಕಿರಣದ ಹಾದಿಯೇ ಓರೆಯಾಗಿದ್ದರೆ ಹಾಗಲ್ಲ. ನೆಟ್ಟಗೆರೆಯ ದಿಕ್ಕನ್ನು ನಿರ್ಧರಿಸುವುದು ಕಾಗದದ ಚಲನೆ. ಅಡ್ಡಗೆರೆಯ ದಿಕ್ಕನ್ನು ನಿರ್ಧರಿಸುವುದು ಕಿರಣದ ಚಲನೆ. ಆದಕಾರಣ ನೆಟ್ಟಗೆರೆಗಳು ಕಾಗದದ ಅಂಚಿಗೆ ಸಮಾಂತರವಾಗಿಯೇ ಇದ್ದು, ಅಡ್ಡಗೆರೆಗಳು ಮಾತ್ರ ಓರೆಯಾಗಿ, ಆಯತವು ಸಮಾಂತರ ಚತುರ್ಭುಜವಾಗುವುದು. ಅಡ್ಡಗೆರೆಯ ಒಂದು ತುದಿ 1 ಮಿ.ಮೀ. ಮೇಲೇರಿದರೂ ಒಂದು ಕರ್ಣ 250.8 ಮಿ.ಮೀ., ಇನ್ನೊಂದು 249.2 ಮಿ.ಮೀ. ಆಗಿ, 1.6 ಮಿ.ಮೀ. ವ್ಯತ್ಯಾಸವು ಸಾಮಾನ್ಯ ಅಳತೆಪಟ್ಟಿಗೇ ಸಿಕ್ಕುವುದು. ಮನೆಯ ಪಾಯವು ಮೂಲೆಮಟ್ಟಕ್ಕೆ ಬಂದಿದೆಯೇ ಎಂದು ತಿಳಿಯಲು ಗೌಂಡಿಯು ದಾರ ಹಿಡಿದು ಕರ್ಣಗಳನ್ನು ಅಳೆಯುವುದೂ ಇದೇ ನ್ಯಾಯದಿಂದ.

ಉಳಿದ ಚಿಹ್ನೆಗಳನ್ನೂ ಹೀಗೆಯೇ ಓದಬಹುದು. ಎಡಗಡೆಯ ನೆಟ್ಟಗೆರೆಯು ಗರಗಸದ ಹಲ್ಲಿನಂತೆ ಅದುರಿದ್ದರೆ ಗೆರೆಯ ಆರಂಭವನ್ನು ಸೂಚಿಸುವ ಸಂವೇದಕವನ್ನೋ ಕನ್ನಡಿಯ ಮೋಟಾರನ್ನೋ ಶಂಕಿಸಬೇಕು. ಪುಟದುದ್ದಕ್ಕೂ ಒಂದೇ ಜಾಗದಲ್ಲಿ ಬಿಳಿಯ ಪಟ್ಟೆ ಬಂದರೆ ಧೂಳುತಡೆಯ ಗಾಜಿನ ಮೇಲೆ ಕಿರಣಕ್ಕೆ ಏನೋ ಅಡ್ಡ ಬಂದಿರುವುದು ಸಂಭವ. ಬಣ್ಣದ ಯಂತ್ರದಲ್ಲಿ ಅಕ್ಷರದ ಪಕ್ಕದಲ್ಲಿ ಕೆಂಪೋ ನೀಲಿಯೋ ಅಂಚು ಕಂಡರೆ ನಾಲ್ಕು ಬಣ್ಣಗಳ ಬಿಂಬಗಳು ಒಂದರ ಮೇಲೊಂದು ಸರಿಯಾಗಿ ಕೂಡಿಲ್ಲವೆಂದರ್ಥ. ಇದನ್ನು ತಾನೇ ಸರಿಪಡಿಸಿಕೊಳ್ಳುವ ಏರ್ಪಾಡು ಅನೇಕ ಯಂತ್ರಗಳಲ್ಲಿದೆ. ಕಲೆಯೊಂದು ಪ್ರತಿ 94 ಮಿ.ಮೀ.ಗೆ ಒಮ್ಮೆ ಮರುಕಳಿಸುತ್ತಿದ್ದರೆ ಅದು 30 ಮಿ.ಮೀ. ವ್ಯಾಸದ ಉರುಳೆಯ ಸುತ್ತಳತೆ. ಗಾಯವಿರುವುದು ಉರುಳೆಯ ಮೈಮೇಲೆ, ಲೇಸರಿನಲ್ಲಿ ಅಲ್ಲ.

ಖಾನಾಪುರದಂತಹ ಮಲೆನಾಡಿನ ಸೆರಗಿನಲ್ಲಿ ಮಳೆಗಾಲವನ್ನೂ ಲೆಕ್ಕಕ್ಕೆ ಹಿಡಿಯಬೇಕು. ತೇವವನ್ನು ಹೀರಿದ ಕಾಗದವು ಹಿಗ್ಗುತ್ತದೆ. ಪುಡಿಯನ್ನು ಕರಗಿಸುವ ಬಿಸಿ ಉರುಳೆಗಳ ನಡುವೆ ಹಾದಾಗ ಒಣಗಿ ಕುಗ್ಗುತ್ತದೆ, ಸುರುಳಿಯಾಗುತ್ತದೆ, ಸೊಟ್ಟಗೆ ನುಗ್ಗುತ್ತದೆ. ತಣ್ಣಗಿರುವ ಕನ್ನಡಿಯ ಮೇಲೆ ತೇವದ ಗಾಳಿ ಇಬ್ಬನಿಯಾಗಿ ಕುಳಿತರೆ ಬೆಳಗಿನ ಮೊದಲ ಪ್ರತಿಗಳು ಮಸುಕಾಗಿ ಬಂದು, ಯಂತ್ರವು ಬೆಚ್ಚಗಾದ ಮೇಲೆ ತಾವೇ ಸರಿಹೋಗುವುದುಂಟು. ಇವೆಲ್ಲವನ್ನೂ ಲೇಸರಿನ ತಲೆಗೆ ಕಟ್ಟುವುದು ನ್ಯಾಯವಲ್ಲ.

ಇಲ್ಲೊಂದು ಎಚ್ಚರಿಕೆಯ ಮಾತು ಅಗತ್ಯ. ಪರೀಕ್ಷೆಯ ಉತ್ಸಾಹದಲ್ಲಿ ಯಾರೂ ಲೇಸರಿನ ಪೆಟ್ಟಿಗೆಯನ್ನು ತೆರೆಯಬಾರದು. ಮುಚ್ಚಳ ತೆರೆದೊಡನೆ ಕಿರಣವನ್ನು ಆರಿಸುವ ಸುರಕ್ಷಾ ಸ್ವಿಚ್ಚನ್ನು ಮೋಸಗೊಳಿಸಬಾರದು. ಇಂತಹ ಯಂತ್ರಗಳ ಕಿರಣವು ಸಾಮಾನ್ಯವಾಗಿ 780 ನ್ಯಾನೊಮೀಟರ್ ಆಸುಪಾಸಿನ ಅವಕೆಂಪು ಬೆಳಕು. ಕಣ್ಣಿಗೆ ಕಾಣಿಸದುದರಿಂದ ರೆಪ್ಪೆಯು ತಾನಾಗಿ ಮುಚ್ಚುವುದಿಲ್ಲ. ಆದರೆ ಕಣ್ಣಿನ ಮಸೂರವು ಅದನ್ನು ಒಂದು ಚುಕ್ಕೆಯಾಗಿ ಅಕ್ಷಿಪಟಲದ ಮೇಲೆ ಕೇಂದ್ರೀಕರಿಸುತ್ತದೆ. ಮುಚ್ಚಿದ ಯಂತ್ರವು ನಿರಪಾಯಕರ. ಬಿಚ್ಚಿದ ಯಂತ್ರವು ಹಾಗಲ್ಲ. ನಮ್ಮ ಕೆಲಸ ಅಳೆದು ಬರೆದಿಡುವುದು. ಸರಿಪಡಿಸುವುದು ತರಬೇತಿ ಪಡೆದ ಕುಶಲಕರ್ಮಿಯದು.

ನಮ್ಮ ವಿದ್ಯಾರ್ಥಿಯ ನಕ್ಷೆಗಳಿಗೆ ಹಿಂತಿರುಗೋಣ. ತಂದೆಯ ಪ್ರತಿಯಲ್ಲಿ ನಕ್ಷೆಯ ಚೌಕಟ್ಟು ಕಾಗದದ ಅಂಚಿಗೆ ತುಸು ಓರೆಯಾಗಿದ್ದರೂ ಕರ್ಣಗಳು ಸಮನಾಗಿದ್ದವು. ಅಲ್ಲಿ ಸೊಟ್ಟಗೆ ಹೋದದ್ದು ಕಾಗದ ಮಾತ್ರ. ಕಾಕಾನ ಪ್ರತಿಯಲ್ಲಿ ನೆಟ್ಟಗೆರೆಗಳು ನೆಟ್ಟಗಿದ್ದವು, ಅಡ್ಡಗೆರೆಗಳು ವಾಲಿದ್ದವು, ಕರ್ಣಗಳಲ್ಲಿ ಸುಮಾರು ಒಂದೂವರೆ ಮಿ.ಮೀ. ವ್ಯತ್ಯಾಸವಿತ್ತು. ಹುಡುಗನು ಖಾನಾಪುರದ ಆ ಅಂಗಡಿಗೆ ಹೋಗಿ ಗಣಕದಿಂದ ನೇರವಾಗಿ ಆಯತವನ್ನು ಮುದ್ರಿಸಿ ತಂದನು. ಅದೂ ಹಾಗೆಯೇ ವಾಲಿತ್ತು. ಅಂದಮೇಲೆ ತಪ್ಪು ಬರೆಯುವ ಭಾಗದ್ದೇ. ಅವನು ಅಳತೆಗಳನ್ನು ಬರೆದು ಅಂಗಡಿಯವರಿಗೆ ಕೊಟ್ಟನು. ಅವರು ಕುಶಲಕರ್ಮಿಯನ್ನು ಕರೆಸಿದರು. ಆತನು ಮೊದಲು ನೋಡಿದ್ದು ಲೇಸರನ್ನಲ್ಲ, ನೆಲವನ್ನು. ಯಂತ್ರವನ್ನಿಟ್ಟ ಮೇಜಿನ ಒಂದು ಕಾಲು ಕುಸಿದ ಹಾಸುಗಲ್ಲಿನ ಮೇಲಿತ್ತು. ಯಂತ್ರದ ಚೌಕಟ್ಟು ತಿರುಚಿಕೊಂಡು, ಕಿರಣದ ಹಾದಿಗೂ ಉರುಳೆಗೂ ಇರಬೇಕಾದ ಸಮಾಂತರವು ತಪ್ಪಿತ್ತು. ಮಟ್ಟಗೋಲನ್ನಿಟ್ಟು ಮೇಜನ್ನು ಸಮಮಾಡಿ ಮತ್ತೊಮ್ಮೆ ಮುದ್ರಿಸಲು ಕರ್ಣಗಳು ಕೂಡಿಬಂದವು. ಲೇಸರ್ ಸರಿದಿದ್ದುದು ನಿಜ; ಲೇಸರ್ ಕೆಟ್ಟಿದ್ದುದು ಸುಳ್ಳು.

ಅಣ್ಣತಮ್ಮಂದಿರಿಗೆ ಹೇಳಲು ಇನ್ನೊಂದು ಮಾತಿತ್ತು. ಆಯತವು ಈ ರೀತಿ ವಾಲಿದಾಗ ಕರ್ಣಗಳು ಬದಲಾಗುವುವೇ ಹೊರತು ವಿಸ್ತೀರ್ಣವು ಬದಲಾಗದು; ಪಾದವೂ ಎತ್ತರವೂ ಹಾಗೆಯೇ ಉಳಿಯುವುವಷ್ಟೆ. ಆ ಪ್ರತಿಯಲ್ಲಿಯೂ ಯಾರ ಪಾಲಿನಿಂದಲೂ ಒಂದು ಗುಂಟೆಯೂ ಕರಗಿರಲಿಲ್ಲ. ಆದರೆ ನಕಲು ನೂರಕ್ಕೆ ಎರಡರಷ್ಟು ಹಿಗ್ಗಿ ಬಂದಿದ್ದರೆ ಪ್ರತಿಯ ಮೇಲೆ 40 ಗುಂಟೆಯ ಒಂದು ಎಕರೆಯು 41.6 ಗುಂಟೆಯಾಗಿ ತೋರುತ್ತಿತ್ತು. ಆದುದರಿಂದ ಜೆರಾಕ್ಸ್ ಪ್ರತಿಯು ಓದುವುದಕ್ಕೆ. ಅಳೆಯುವುದಕ್ಕೆ ಮೂಲನಕ್ಷೆಯೂ ನೆಲವೂ ಇವೆ. ಹುಡುಗನು ಎರಡು ಪ್ರತಿಗಳನ್ನೂ ಆಯತದ ಎರಡು ಹಾಳೆಗಳನ್ನೂ ಮಡಿಚಿಕೊಂಡು ಸಂಜೆಯ ಬಸ್ಸಿಗೆ ಹೊರಟನು. ಮರುವಾರ ಅವನ ತಂದೆಯೂ ಕಾಕಾನೂ ಕೂಡಿಯೇ ಭೂಮಾಪನ ಕಚೇರಿಗೆ ಹೋಗಿ ಮೂಲನಕ್ಷೆಯನ್ನು ನೋಡಿಬಂದರೆಂದು ತಿಳಿದು ನಮಗೆ ಸಂತೋಷವಾಯಿತು.