ಶಸ್ತ್ರಚಿಕಿತ್ಸೆಯಾದ ಗೆಳೆಯನಿಗೆ ಮುಯ್ಯಾಳಿನ ಆಸರೆ



ವಾರವಾರವೂ ಈ ಪುಟದಲ್ಲಿ ಬೆಳೆಯ ರೋಗಗಳ ವಿಷಯ ಓದುತ್ತೀರಿ. ಈ ವಾರ ಬೆಳೆಗಾರನ ರೋಗದ ಬಗ್ಗೆ ನಾಲ್ಕು ಮಾತು ಹೇಳಬೇಕಾಗಿದೆ. ಅಡಿಕೆಗೆ ಕೊಳೆ ಕಂಡರೆ ಮರುದಿನವೇ ಮೈಲುತುತ್ತ ತರಲು ಹೊರಡುವ ನಾವು, ನಮ್ಮ ಮೈಯೊಳಗಿನ ನೋವನ್ನು ಮಾತ್ರ ವರ್ಷಗಟ್ಟಲೆ ಮುಂದಕ್ಕೆ ಹಾಕುತ್ತೇವೆ. ಹಾಗೆ ಹಾಕುತ್ತ ಬಂದು, ಪ್ರಾಣಕ್ಕೆ ಸಂಚಕಾರ ತಂದುಕೊಂಡು, ಹೇಗೋ ಉಳಿದ ನನ್ನ ಗೆಳೆಯನೊಬ್ಬನ ವಿಷಯ ಇದು. ಊರು ಅವನಿಗೆ ಹೇಗೆ ಆಸರೆಯಾಯಿತು, ಅದರಲ್ಲಿ ನಾನು ಎಲ್ಲಿ ತಪ್ಪಿದೆ ಎಂಬುದನ್ನು ಇದ್ದದ್ದು ಇದ್ದಂತೆ ಬರೆಯುತ್ತೇನೆ. ನಿಮ್ಮ ಊರಿನಲ್ಲಿ ಇಂಥ ಸಂದರ್ಭ ಬಂದರೆ ಉಪಯೋಗವಾದೀತು.

ಮುಂದಕ್ಕೆ ಹಾಕಿದ ನಾಲ್ಕು ವರ್ಷ

ಗೆಳೆಯನ ಊರು ಸೊರಬ ತಾಲ್ಲೂಕಿನಲ್ಲಿ, ಶಿಕಾರಿಪುರದ ಗಡಿಗೆ ಹತ್ತಿರ. ಹೆಸರು ಹಾಕಬೇಡ ಎಂದು ಅವನೇ ಹೇಳಿದ್ದಾನೆ. ಹೈಸ್ಕೂಲಿನಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು. ಅವನಿಗೆ ಒಂದು ಎಕರೆ ಅಡಿಕೆ ತೋಟ, ಒಂದೂವರೆ ಎಕರೆ ಗದ್ದೆ, ಅರ್ಧ ಎಕರೆ ಮೆಕ್ಕೆಜೋಳ, ಕರೆಯುವ ಹಸು ಎರಡು. ಮಗಳಿಗೆ ಮದುವೆಯಾಗಿದೆ, ಮಗ ಶಿವಮೊಗ್ಗದಲ್ಲಿ ಓದುತ್ತಾನೆ.

ನಾಲ್ಕು ವರ್ಷಗಳ ಹಿಂದೆ ಅವನ ತೊಡೆಸಂದಿನಲ್ಲಿ ನಿಂಬೆಹಣ್ಣಿನ ಗಾತ್ರದ ಉಬ್ಬು ಕಾಣಿಸಿಕೊಂಡಿತು. ಕೆಮ್ಮಿದರೆ, ಭಾರ ಎತ್ತಿದರೆ ಹೊರಗೆ ಬರುವುದು, ಮಲಗಿದರೆ ಒಳಗೆ ಹೋಗುವುದು. ಡಾಕ್ಟರು ಹರ್ನಿಯಾ ಎಂದರು. ಹೊಟ್ಟೆಯ ಗೋಡೆ ಸಡಿಲಾಗಿ ಕರುಳು ಹೊರಕ್ಕೆ ನೂಕಿಕೊಂಡು ಬರುವ ಈ ರೋಗ ಮಾತ್ರೆ, ಕಷಾಯಕ್ಕೆ ಬಗ್ಗುವುದಲ್ಲ. ಶಸ್ತ್ರಚಿಕಿತ್ಸೆ ಮಾಡಿ ಸಡಿಲಾದ ಜಾಗಕ್ಕೆ ಜಾಲರಿ ಕೂರಿಸಬೇಕು. ಬೇಗ ಮಾಡಿಸಿದರೆ ಒಂದೆರಡು ದಿನದಲ್ಲಿ ಮನೆಗೆ ಹೋಗಬಹುದು ಎಂದೂ ಹೇಳಿದ್ದರು.

"ನಾಟಿ ಒಂದು ಮುಗೀಲಿ ಮಾರಾಯ" ಎಂದ. ನಾಟಿ ಮುಗಿದ ಮೇಲೆ ಕೊಯ್ಲು ಬಂತು. ಮರುವರ್ಷ ಅಡಿಕೆ ಸುಲಿತ, ಅದರ ಮರುವರ್ಷ ಮಗಳ ಮದುವೆ, ನಾಲ್ಕನೇ ವರ್ಷ ಕೈಯಲ್ಲಿ ಕಾಸಿಲ್ಲ. ಒಮ್ಮೆ ನಾನೇ ಅವನ ತೋಟಕ್ಕೆ ಹೋಗಿದ್ದೆ. ಎಡಗೈಯಿಂದ ತೊಡೆಸಂದನ್ನು ಒತ್ತಿ ಹಿಡಿದುಕೊಂಡೇ ಅವನು ಬದುವಿನ ಮೇಲೆ ನಡೆಯುತ್ತಿದ್ದ. ಎರಡನೇ ಸಿಂಪಡಣೆ ತಡಮಾಡಬೇಡ ಎಂದು ಹೇಳಿ ಬಂದೆ. ಅವನ ನೋವಿನ ಮಾತು ಎತ್ತಲಿಲ್ಲ. ಅದು ಇಂದಿಗೂ ನನ್ನ ಮನಸ್ಸಿನಲ್ಲಿದೆ.

ಕಳೆದ ಮುಂಗಾರಿನಲ್ಲಿ ಆರಿದ್ರಾ ಮಳೆ ಹಿಡಿದ ಮೊದಲ ವಾರ, ಮೆಕ್ಕೆಜೋಳಕ್ಕೆ ಹಾಕಲು 45 ಕಿಲೋ ಯೂರಿಯಾ ಚೀಲವನ್ನು ಎತ್ತಿದ. ಹೊರಬಂದ ಉಬ್ಬು ಮತ್ತೆ ಒಳಗೆ ಹೋಗಲಿಲ್ಲ. ಕಲ್ಲಿನಂತಾಯಿತು, ವಾಂತಿ ಶುರುವಾಯಿತು. ರಾತ್ರಿಯೇ ಶಿವಮೊಗ್ಗಕ್ಕೆ ಸಾಗಿಸಿದರು. ಸಿಕ್ಕಿಹಾಕಿಕೊಂಡ ಕರುಳಿಗೆ ರಕ್ತ ನಿಂತು ಹೋಗಿದ್ದರಿಂದ ಆ ಭಾಗವನ್ನೇ ಕತ್ತರಿಸಿ ತೆಗೆಯಬೇಕಾಯಿತು. ಒಂದೆರಡು ದಿನದ ಚಿಕಿತ್ಸೆ ಒಂಬತ್ತು ದಿನದ್ದಾಯಿತು.

ಆರು ವಾರ ಭಾರ ಎತ್ತಬಾರದು, ಮೂರು ತಿಂಗಳು ಗದ್ದೆಯ ಕೆಲಸ ಬೇಡ ಎಂದು ಡಾಕ್ಟರು ಹೇಳಿ ಕಳುಹಿಸಿದರು. ನಮ್ಮ ಮಳೆ ಲೆಕ್ಕದಲ್ಲಿ ನೋಡಿ: ಆಶ್ಲೇಷ ಹುಟ್ಟುವವರೆಗೆ ಒಂದು ಕೊಡ ನೀರನ್ನೂ ಎತ್ತುವಂತಿಲ್ಲ, ಉತ್ತರೆ ಮುಗಿಯುವವರೆಗೆ ಕೆಸರಿಗೆ ಇಳಿಯುವಂತಿಲ್ಲ. ಒಂದು ಮುಂಗಾರು ಪೂರ್ತಿ ಹೋದಂತೆ.

ಹಣವೊಂದೇ ಸಾಲದು

ಸುದ್ದಿ ಕೇಳಿದ ಹಳೆಯ ಸಹಪಾಠಿಗಳು ನಾವು ಮೊದಲು ಮಾಡಿದ್ದು ಹಣ ಕೂಡಿಸುವ ಯೋಚನೆ. ಹಣ ಬೇಕು, ಇಲ್ಲವೆಂದಲ್ಲ. ಆಸ್ಪತ್ರೆಯ ಖರ್ಚನ್ನು ಸರ್ಕಾರದ ಕಾರ್ಡು ನೋಡಿಕೊಂಡರೂ ಬಸ್ಸಿನ ಖರ್ಚು, ಜೊತೆಗಿದ್ದವರ ಊಟ, ಆಮೇಲಿನ ಗುಳಿಗೆ, ಮತ್ತೆ ಮತ್ತೆ ತೋರಿಸಲು ಹೋಗಿಬರುವುದು, ಇವನ್ನು ಯಾವ ಕಾರ್ಡೂ ಕೊಡುವುದಿಲ್ಲ. ಆದರೆ ಅವನ ಹೆಂಡತಿ ಹೇಳಿದ ಮಾತು ನಮ್ಮ ಕಣ್ಣು ತೆರೆಸಿತು: "ಅಣ್ಣಾ, ದುಡ್ಡು ಕೊಟ್ಟರೆ ಅವರು ಮುಟ್ಟೋದಿಲ್ಲ. ಸಸಿಮಡಿ ಬಲಿತು ಹೋಗ್ತಾ ಇದೆ, ಅದನ್ನು ನೋಡಿ. ಇಲ್ಲದಿದ್ದರೆ ಇವರು ಮಂಚದ ಮೇಲೆ ನಿಲ್ಲೋರಲ್ಲ."

ಬಾಂಧವರೇ, ಮುಖ್ಯ ವಿಷಯ ಇಲ್ಲಿದೆ. ರೈತ ಚೇತರಿಸಿಕೊಳ್ಳಬೇಕಾದರೆ ಮಲಗಬೇಕು. ಗದ್ದೆ ಪಾಳು ಬೀಳುತ್ತಿರುವುದನ್ನು ಕಂಡ ರೈತ ಮಲಗುವುದಿಲ್ಲ. ಆದ್ದರಿಂದ ಅವನ ಹೊಲಿಗೆ ಬಿಡದಂತೆ ಕಾಯುವುದೂ, ಅವನ ನಾಟಿ ತಪ್ಪದಂತೆ ಕಾಯುವುದೂ ಒಂದೇ ಕೆಲಸ.

ಇದಕ್ಕೆ ನಮ್ಮಲ್ಲಿ ಹೊಸ ವ್ಯವಸ್ಥೆ ಬೇಕಿಲ್ಲ. ಮುಯ್ಯಾಳು ನಮ್ಮ ಮಲೆನಾಡಿನ ಹಳೆಯ ಪದ್ಧತಿ. ಇಂದು ನಾನು ನಿನ್ನ ಗದ್ದೆಗೆ, ನಾಳೆ ನೀನು ನನ್ನ ಗದ್ದೆಗೆ. ಕೂಲಿ ಇಲ್ಲ, ಲೆಕ್ಕ ಮಾತ್ರ ಉಂಟು. ದಾನವೆಂದರೆ ತಲೆ ತಗ್ಗಿಸುವ ಮನುಷ್ಯ ಮುಯ್ಯಿ ಎಂದರೆ ಒಪ್ಪುತ್ತಾನೆ, ಏಕೆಂದರೆ ಅದು ತೀರಿಸಬಹುದಾದ ಸಾಲ. ನನ್ನ ಗೆಳೆಯನೂ ಹಾಗೆಯೇ ಒಪ್ಪಿದ. "ಪುಸ್ತಕದಲ್ಲಿ ಬರೆದಿಡಿ, ಒಂದು ಆಳೂ ತಪ್ಪಬಾರದು" ಎಂಬುದು ಅವನ ಷರತ್ತು.

ರೋಗಿಯನ್ನು ಊರೇ ನೋಡಿಕೊಳ್ಳುವುದು ಈ ಮಣ್ಣಿಗೆ ಹೊಸದಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೇದಾರೇಶ್ವರ ದೇವಾಲಯವನ್ನು ನೀವು ನೋಡಿರಬಹುದು. ಅಲ್ಲಿನ ಕೋಡಿಯ ಮಠವನ್ನು ಕ್ರಿ.ಶ. 1162ರ ಶಾಸನ ವರ್ಣಿಸುತ್ತದೆ. ಅದು ಬರೀ ವಿದ್ಯೆಯ ಸ್ಥಾನವಾಗಿರಲಿಲ್ಲ. ದೀನರು, ಕುಂಟರು, ಕುರುಡರು, ಕಿವುಡರಿಗೆ ಅನ್ನ ಸಿಗುವ ಜಾಗವೂ, ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆ ನಡೆಯುವ ಜಾಗವೂ ಆಗಿತ್ತು ಎಂದು ಆ ಶಾಸನದಿಂದ ತಿಳಿಯುತ್ತದೆ.

ಕೆಲಸದ ಪಟ್ಟಿ ಮಾಡುವ ಕ್ರಮ

ಸಹಕಾರ ಸಂಘದ ಜಗುಲಿಯಲ್ಲಿ ಒಂದು ಸಂಜೆ ಹನ್ನೊಂದು ಮನೆಯವರು ಸೇರಿದರು. "ಏನಾದರೂ ಸಹಾಯ ಬೇಕಾದರೆ ಹೇಳಿ" ಎಂಬ ಮಾತಿನಿಂದ ಪ್ರಯೋಜನವಿಲ್ಲ. ಯಾರೂ ಹೇಳುವುದಿಲ್ಲ. ಯಾವ ಕೆಲಸ, ಯಾವ ದಿನ, ಯಾವ ಮನೆ ಎಂದು ಬರೆಯಬೇಕು. ನಾವು ಕೆಲಸಗಳನ್ನು ಮೂರು ಭಾಗ ಮಾಡಿದೆವು.

ಮೊದಲನೆಯದು, ಕಾಯಲಾಗದ ಕೆಲಸ. ಬತ್ತದ ನಾಟಿ ಇದರಲ್ಲಿ ಮುಖ್ಯ. ಸಸಿ ಬಲಿತರೆ ತೆಂಡೆ ಕಡಿಮೆಯಾಗಿ ಇಳುವರಿ ಇಳಿಯುತ್ತದೆ. ಅಡಿಕೆಗೆ ಮೊದಲನೆಯ ಬೋರ್ಡೋ ಸಿಂಪಡಣೆಯಾದ 40-45 ದಿನಕ್ಕೆ ಎರಡನೆಯದು ಆಗಲೇಬೇಕು. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಪುಷ್ಯ ಮಳೆಯ ನಡುವೆ ಬಿಸಿಲು ಬಿಟ್ಟ ದಿನ ಕೊನೆಗಾರನನ್ನು ಹಿಡಿದು ತರುವ ಹೊಣೆ ಒಬ್ಬರಿಗೆ ಕೊಟ್ಟೆವು. ಮೆಕ್ಕೆಜೋಳಕ್ಕೆ ಮೇಲುಗೊಬ್ಬರ, ಜೊತೆಗೆ ಸುಳಿಯಲ್ಲಿ ಸೈನಿಕ ಹುಳುವಿನ ತಪಾಸಣೆ. 2018ರಲ್ಲಿ ನಮ್ಮ ಶಿವಮೊಗ್ಗದಲ್ಲಿ ಮೊದಲು ಕಂಡ ಈ ಹುಳು ಯಾರ ಕಾಯಿಲೆಗೂ ಕಾಯುವುದಿಲ್ಲ.

ಎರಡನೆಯದು, ತಡವಾದರೂ ನಡೆಯುವ ಕೆಲಸ. ತೋಟದ ಕಳೆ, ಬೇಲಿ, ಕಪ್ಪು ತೆಗೆಯುವುದು. ಮೂರನೆಯದು, ಈ ವರ್ಷ ಬಿಟ್ಟೇಬಿಡುವ ಕೆಲಸ. ಹೊಸ ಅಡಿಕೆ ಸಸಿ ಹಾಕುವ ಯೋಜನೆಯನ್ನು ಅವನೇ ಮುಂದಿನ ವರ್ಷಕ್ಕೆ ಬಿಟ್ಟ.

ಕಾಗದದ ಕೆಲಸವನ್ನೂ ಪಟ್ಟಿಗೆ ಸೇರಿಸಿ. ಬೆಳೆ ವಿಮೆಯ ಕಂತಿಗೆ ಕೊನೆಯ ದಿನವಿರುತ್ತದೆ. ಸಂಘದ ಬೆಳೆಸಾಲದ ಗಡುವು ದಾಟಿದರೆ ಬಡ್ಡಿ ರಿಯಾಯಿತಿ ಕೈತಪ್ಪುತ್ತದೆ. ಹಾಸಿಗೆ ಹಿಡಿದವನಿಗೆ ಈ ತಾರೀಖುಗಳು ನೆನಪಿರುವುದಿಲ್ಲ.

ನಾನು ಮರೆತದ್ದು

ಪಟ್ಟಿ ಬರೆದವನು ನಾನು. ಬೆಳೆಯ ಕೆಲಸವೆಲ್ಲ ಬರೆದೆ. ದಿನದ ಕೆಲಸ ಬರೆಯಲಿಲ್ಲ. ಹಸುವಿಗೆ ಹುಲ್ಲು ತರುವುದು, ಸಗಣಿ ಬಾಚುವುದು, ಡೇರಿಗೆ ಹಾಲು ಹಾಕುವುದು, ಇವೆಲ್ಲ ಅವನ ಹೆಂಡತಿಯ ಮೇಲೆ ಬಿತ್ತು. ರೋಗಿಯ ಸೇವೆ, ಅಡಿಗೆ, ಜೊತೆಗೆ ನಾಟಿಗೆ ಬಂದವರ ಊಟ. ಮೂರನೇ ವಾರ ಆಕೆ ಜ್ವರ ಬಂದು ಮಲಗಿದರು. ಕೊಟ್ಟಿಗೆಯಲ್ಲಿ ಹಸು ಕೂಗುವುದನ್ನು ಕೇಳಲಾರದೆ ಅವನು ಎದ್ದು ಹೋಗಿ, ಮಳೆಯಲ್ಲಿ ನೆನೆದ ಹುಲ್ಲಿನ ಹೊರೆಯನ್ನು ತಲೆಗೇರಿಸಿದ. ಸಂಜೆಗೆ ಗಾಯ ಊದಿಕೊಂಡಿತು.

ಮತ್ತೆ ಆಸ್ಪತ್ರೆಗೆ ಓಡಿದೆವು. ಜಾಲರಿ ಜರುಗಿರಲಿಲ್ಲ, ನೀರು ತುಂಬಿಕೊಂಡಿತ್ತು ಅಷ್ಟೆ. ಅದೃಷ್ಟ ದೊಡ್ಡದು. ಆ ದಿನದಿಂದ ಸ್ತ್ರೀಶಕ್ತಿ ಸಂಘದ ಹೆಣ್ಣುಮಕ್ಕಳು ಕೊಟ್ಟಿಗೆಯನ್ನು ಸರದಿಯ ಮೇಲೆ ವಹಿಸಿಕೊಂಡರು. ನಾಟಿಗೆ ಬಂದವರು ತಮ್ಮ ಬುತ್ತಿ ತಾವೇ ತಂದರು. ಆದ್ದರಿಂದ ಪಟ್ಟಿ ಮಾಡುವಾಗ ಮನೆಯ ಹೆಂಗಸರನ್ನು ಮೊದಲು ಕೇಳಿ. ಬೆಳಗ್ಗೆ ಎದ್ದಾಗಿನಿಂದ ಮಲಗುವವರೆಗೆ ಯಾರು ಯಾವ ಭಾರ ಎತ್ತುತ್ತಾರೆ ಎಂಬುದು ಅವರಿಗೆ ಮಾತ್ರ ಗೊತ್ತು.

ಹಣ ಮತ್ತು ಕಾರ್ಡು

ಕೂಡಿಸಿದ ಹಣವನ್ನು ಇಬ್ಬರ ಕೈಯಲ್ಲಿಡಿ, ಪುಸ್ತಕದಲ್ಲಿ ಬರೆಯಿರಿ. ಯಾರು ಎಷ್ಟು ಕೊಟ್ಟರೆಂದು ಸಭೆಯಲ್ಲಿ ಓದಬೇಡಿ. ಒಮ್ಮೆಗೇ ಕೊಡುವ ಬದಲು ಪ್ರತಿಸಲ ಆಸ್ಪತ್ರೆಗೆ ಹೋಗುವ ಹಿಂದಿನ ದಿನ ಮನೆಯಾಕೆಗೆ ತಲುಪಿಸಿ.

ಎಲ್ಲಕ್ಕಿಂತ ಒಳ್ಳೆಯದು ಮೊದಲೇ ಕೂಡಿಸಿಟ್ಟ ಹಣ. ನಮ್ಮ ರಾಜ್ಯದ ಸಹಕಾರಿಗಳ ಯಶಸ್ವಿನಿ ಯೋಜನೆ ಇದೇ ತತ್ವದ್ದು. 2003ರಲ್ಲಿ ಆರಂಭವಾದಾಗ ಸದಸ್ಯನೊಬ್ಬ ಕೊಡಬೇಕಾದ್ದು ವರ್ಷಕ್ಕೆ 60 ರೂಪಾಯಿ, ಅಂದರೆ ತಿಂಗಳಿಗೆ 5 ರೂಪಾಯಿ. ಕೊಟ್ಟವರಲ್ಲಿ ಆ ವರ್ಷ ಆಪರೇಷನ್ ಬೇಕಾದವರು ಕೆಲವರೇ, ಉಳಿದವರದು ಅವರಿಗೆ ಮುಯ್ಯಿ. 2018ರಲ್ಲಿ ಆರೋಗ್ಯ ಕರ್ನಾಟಕದಲ್ಲಿ ವಿಲೀನವಾದ ಈ ಯೋಜನೆ 2023ರ ಜನವರಿಯಿಂದ ಮತ್ತೆ ಜಾರಿಗೆ ಬಂತು. ಆಗ ಗ್ರಾಮೀಣ ಸಹಕಾರ ಸಂಘದ ಸದಸ್ಯನ ನಾಲ್ಕು ಜನರ ಕುಟುಂಬಕ್ಕೆ ವರ್ಷದ ವಂತಿಗೆ 500 ರೂಪಾಯಿ, ಚಿಕಿತ್ಸೆಯ ಮಿತಿ 5 ಲಕ್ಷ ರೂಪಾಯಿ ಎಂದು ಗೊತ್ತುಪಡಿಸಿದರು. ನೋಂದಣಿಗೆ ನಿಗದಿತ ಅವಧಿಯಿರುತ್ತದೆ. ಈ ಸಾಲಿನ ತಾರೀಖು, ವಂತಿಗೆಯನ್ನು ಸಂಘದ ಕಾರ್ಯದರ್ಶಿಯನ್ನು ಕೇಳಿ ತಿಳಿದುಕೊಳ್ಳಿ.

ಬಿಪಿಎಲ್ ಪಡಿತರ ಚೀಟಿಯಿದ್ದವರಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯುಂಟು. ತುರ್ತು ಸಂದರ್ಭ ಬಿಟ್ಟರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ. ಅಲ್ಲಿ ಆಗದ ಚಿಕಿತ್ಸೆಗೆ ಶಿಫಾರಸು ಪತ್ರ ಪಡೆದು ಮುಂದೆ ಹೋಗುವುದು ಕ್ರಮ.

ಗಮನದಲ್ಲಿಡಬೇಕಾದ ಚಿಹ್ನೆಗಳು

ಹರ್ನಿಯಾದ ಉಬ್ಬು ಗಟ್ಟಿಯಾಗಿ ಒಳಗೆ ಹೋಗದಿದ್ದರೆ, ಜೊತೆಗೆ ತೀವ್ರ ನೋವು, ವಾಂತಿ ಇದ್ದರೆ, ಮಲ ಅಥವಾ ಗಾಳಿ ಹೋಗದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ಒತ್ತಿ ಒಳಗೆ ತಳ್ಳಬೇಡಿ, ಎಣ್ಣೆ ತಿಕ್ಕಬೇಡಿ. ಕೂಡಲೇ 108ಕ್ಕೆ ಕರೆ ಮಾಡಿ.

ಆಪರೇಷನ್ ಆದವರಿಗೆ ಜ್ವರ, ಗಾಯದಲ್ಲಿ ಕೀವು, ಹೆಚ್ಚುತ್ತಿರುವ ಕೆಂಪು ಅಥವಾ ಊತ, ಹೊಟ್ಟೆ ಉಬ್ಬರ, ಒಂದೇ ಕಾಲಿನ ಮೀನಖಂಡದಲ್ಲಿ ಬಾವು ಕಂಡರೆ ಅಂದೇ ತೋರಿಸಿ. 16 ಲೀಟರಿನ ಸಿಂಪಡಣೆ ಪಂಪು ತುಂಬಿದಾಗ ಸುಮಾರು 20 ಕಿಲೋ ತೂಗುತ್ತದೆ ಎಂಬುದು ನೆನಪಿರಲಿ. ಅದು "ಹಗುರ ಕೆಲಸ" ಅಲ್ಲ. ಮನೆಯ ಅಂಗಳದಲ್ಲಿ ನಿಧಾನವಾಗಿ ನಡೆದಾಡುವುದು ಒಳ್ಳೆಯದು. ಎಷ್ಟು ದಿನಕ್ಕೆ ಏನು ಎಂಬುದನ್ನು ಅವರವರ ಡಾಕ್ಟರೇ ಹೇಳಬೇಕು.

ಬಿಡುವಿನ ದಿನಗಳಲ್ಲೇ ಮಾಡಿಸಿ

ಉತ್ತರೆ ಮುಗಿಯುವ ಹೊತ್ತಿಗೆ ಗೆಳೆಯನ ಮುಯ್ಯಿ ಪುಸ್ತಕದಲ್ಲಿ 38 ಆಳು ಬರೆದಿತ್ತು. ತೋಟದ ಒಂದು ಮೂಲೆಗೆ ಕೊಳೆ ತಗುಲಿ ಸ್ವಲ್ಪ ಉದುರಿತು, ಗದ್ದೆ ಉಳಿಯಿತು. ಅಡಿಕೆ ಸುಲಿಯುವ ಕಾಲ ಬಂದಾಗ ಅವನು ಮನೆಮನೆಗೆ ಹೋಗಿ ಮೆಟ್ಟುಗತ್ತಿಯ ಮುಂದೆ ಕೂತ. ಕೂತು ಮಾಡುವ ಕೆಲಸವಾದ್ದರಿಂದ ಡಾಕ್ಟರೂ ಒಪ್ಪಿದ್ದರು. ಇದುವರೆಗೆ 15 ಆಳು ತೀರಿಸಿದ್ದಾನೆ. ಉಳಿದದ್ದು ಈ ವರ್ಷದ ನಾಟಿಗೆ ಎನ್ನುತ್ತಾನೆ.

ಈ ಪುಟವನ್ನು ವಾಚನಾಲಯದಲ್ಲಿ ಕೂತು ಓದುತ್ತಿರುವವರು ಒಮ್ಮೆ ನಿಮ್ಮ ಊರಿನವರನ್ನು ನೆನೆಯಿರಿ. ತೊಡೆಸಂದು ಒತ್ತಿಕೊಂಡು ನಡೆಯುವವರು, ಗರ್ಭಕೋಶದ ತೊಂದರೆಯನ್ನು ಬಾಯಿಬಿಟ್ಟು ಹೇಳದ ಹೆಂಗಸರು, ಪೊರೆ ಬಂದ ಕಣ್ಣಿನಲ್ಲೇ ದಾರಿ ತಡಕುವ ಹಿರಿಯರು ಇದ್ದೇ ಇರುತ್ತಾರೆ. ಸುಲಿತ ಮುಗಿದು, ಶಿವರಾತ್ರಿ ಕಳೆದು, ಮುಂಗಾರು ಹಿಡಿಯುವ ಮೊದಲು ನಮಗೆ ಕೆಲವು ವಾರ ಬಿಡುವಿರುತ್ತದೆ. ಅಷ್ಟರಲ್ಲಿ ಅವರನ್ನು ಆಸ್ಪತ್ರೆಗೆ ಹೊರಡಿಸಿ. "ಕೆಲಸ ಯಾರು ಮಾಡುತ್ತಾರೆ?" ಎಂದು ಅವರು ಕೇಳುತ್ತಾರೆ. ಕೈಯಲ್ಲಿ ಮುಯ್ಯಾಳಿನ ಪಟ್ಟಿ ಹಿಡಿದುಕೊಂಡೇ ಹೋಗಿ.